ಪಠ್ಯಕ್ರಮ ನಡೆದುಬಂದ ದಾರಿ

ಬೇಸಗೆಯ ರಜೆ ಮುಗಿದು ಶಾಲೆ ಪ್ರಾರಂಭವಾದೊಡನೆ ವಿದ್ಯಾರ್ಥಿಗಳ ಕೈಗೆ ಹೊಸ ಪುಸ್ತಕಗಳು ಬರುತ್ತವೆ. ಅವುಗಳಿಗೆ ಹೊದಿಕೆ ಹಾಕಿ, ಮೇಲೆ ಹೆಸರು ಬರೆದು, ಮೊದಲನೆಯ ಪಾಠವನ್ನು ತೆರೆಯುವ ಮಕ್ಕಳಲ್ಲಿ ಒಂದು ಪ್ರಶ್ನೆಯನ್ನು ಕೇಳುವವರು ವಿರಳ. ಈ ಪಾಠವೇ ಏಕೆ? ಚಲನೆಯ ನಿಯಮಗಳನ್ನು ಒಂಬತ್ತನೆಯ ತರಗತಿಯಲ್ಲಿಯೇ ಕಲಿಯಬೇಕೆಂದು ಗೊತ್ತುಮಾಡಿದವರು ಯಾರು? ಬೀಜಗಣಿತವನ್ನು ಎಲ್ಲರೂ ಕಲಿಯಲೇಬೇಕು, ತಬಲವನ್ನು ಬೇಕಾದವರು ಮಾತ್ರ ಕಲಿತರೆ ಸಾಕು ಎಂದು ತೀರ್ಮಾನಿಸಿದವರು ಯಾರು? ಈ ತೀರ್ಮಾನಗಳ ಹಿಂದೆ ಒಂದು ದೀರ್ಘವಾದ ಇತಿಹಾಸವಿದೆ. ಅನೇಕ ಆಯೋಗಗಳು, ಸಮಿತಿಗಳು, ಸಂಸತ್ತಿನ ಭಾಷಣಗಳು, ನ್ಯಾಯಾಲಯದ ತೀರ್ಪುಗಳು ಅದರಲ್ಲಿ ಸೇರಿವೆ. ಕೋಟ್ಯಂತರ ಮಕ್ಕಳ ಬಾಲ್ಯವು ಹೇಗೆ ಕಳೆಯಬೇಕೆಂಬುದು ಈ ಇತಿಹಾಸದಲ್ಲಿ ನಿಶ್ಚಯವಾಗಿದೆಯಾದ್ದರಿಂದ, ಅದನ್ನು ತಿಳಿಯುವ ಹಕ್ಕು ಹಿರಿಯರಿಗೆ ಎಷ್ಟಿದೆಯೋ ಮಕ್ಕಳಿಗೂ ಅಷ್ಟೇ ಇದೆ.

ಮೊದಲು ಮೂರು ಮಾತುಗಳ ಅರ್ಥವನ್ನು ಬೇರ್ಪಡಿಸಿಕೊಳ್ಳಬೇಕು. ಶಾಲೆಯ ಶಿಕ್ಷಣದ ಗುರಿ ಏನು, ಯಾವ ವಯಸ್ಸಿನ ಮಗು ಯಾವ ಬಗೆಯ ಜ್ಞಾನವನ್ನು ಪಡೆಯಬೇಕು, ಅದನ್ನು ಪರೀಕ್ಷಿಸುವ ಬಗೆ ಹೇಗೆ ಎಂಬುದನ್ನು ವಿಶಾಲವಾಗಿ ಹೇಳುವುದು ಪಠ್ಯಕ್ರಮದ ಚೌಕಟ್ಟು. ಆ ಚೌಕಟ್ಟಿನೊಳಗೆ ಒಂದೊಂದು ತರಗತಿಗೂ ಒಂದೊಂದು ವಿಷಯಕ್ಕೂ ಇಂತಿಷ್ಟು ಎಂದು ವಿಂಗಡಿಸಿದ ಪಟ್ಟಿಗೆ ಪಠ್ಯವಿವರವೆಂದು ಹೆಸರು. ಪಠ್ಯಪುಸ್ತಕವು ಇವೆರಡರ ಫಲ. ಬಹುಮಂದಿ ಪೋಷಕರಿಗೆ ಪರಿಚಯವಿರುವುದು ಕೊನೆಯದು ಮಾತ್ರ. ಪುಸ್ತಕದಲ್ಲಿ ಯಾವುದೋ ಪಾಠ ಬಂದಿತೆಂದೋ ಬಿಟ್ಟುಹೋಯಿತೆಂದೋ ವಾದ ನಡೆಯುವಾಗ, ಅದರ ಮೂಲವಾದ ಚೌಕಟ್ಟನ್ನು ಯಾರೂ ತೆರೆದು ನೋಡಿರುವುದಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಭಾರತಕ್ಕೆ ರಾಷ್ಟ್ರೀಯ ಪಠ್ಯಕ್ರಮವೆಂಬುದು ಇರಲಿಲ್ಲ. 1835ರಲ್ಲಿ ಮೆಕಾಲೆ ಬರೆದ ಟಿಪ್ಪಣಿಯು ಇಂಗ್ಲಿಷ್ ಶಿಕ್ಷಣಕ್ಕೆ ಸರ್ಕಾರದ ಬೆಂಬಲವನ್ನು ದೊರಕಿಸಿತು. 1854ರಲ್ಲಿ ಬಂದ ವುಡ್ ಅವರ ಆಜ್ಞಾಪತ್ರವು ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆಗಳನ್ನು ಸ್ಥಾಪಿಸಿತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿಕೊಂಡವು. ಅವುಗಳಿಗೆ ಪ್ರವೇಶ ಪಡೆಯಲು ಮೆಟ್ರಿಕ್ಯುಲೇಷನ್ ಪರೀಕ್ಷೆ ಅಗತ್ಯವಾಗಿತ್ತು. ಆ ಪರೀಕ್ಷೆಗೆ ಏನು ಬೇಕೋ ಅದನ್ನೇ ಪ್ರೌಢಶಾಲೆಗಳು ಕಲಿಸಿದವು. ನೂರರಲ್ಲಿ ಕೆಲವೇ ಮಂದಿ ಕಾಲೇಜಿನ ಬಾಗಿಲನ್ನು ಕಾಣುತ್ತಿದ್ದ ಕಾಲದಲ್ಲಿ, ಕಾಲೇಜಿನ ಬೇಡಿಕೆಯೇ ಉಳಿದೆಲ್ಲರ ಕಲಿಕೆಯನ್ನೂ ಆಳಿತು. ಈ ರೋಗವು ಇನ್ನೂ ಪೂರ್ತಿ ವಾಸಿಯಾಗಿಲ್ಲ.

ಈ ಕ್ರಮವನ್ನು ಬುಡಸಹಿತ ಬದಲಾಯಿಸಬೇಕೆಂಬ ಮೊದಲ ದೊಡ್ಡ ಪ್ರಯತ್ನವು ವಾರ್ಧಾದಲ್ಲಿ ನಡೆಯಿತು. 1937ರ ಅಕ್ಟೋಬರ್ 22 ಮತ್ತು 23ರಂದು ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಶಿಕ್ಷಣ ಸಮ್ಮೇಳನವೊಂದು ಸೇರಿತು. ಏಳು ವರ್ಷಗಳ ಉಚಿತ ಹಾಗೂ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕೈಕಸುಬಿನ ಮೂಲಕ ಸಕಲ ವಿಷಯಗಳ ಕಲಿಕೆ, ಇವು ಅದರ ನಿರ್ಣಯಗಳ ತಿರುಳು. ದೆಹಲಿಯ ಜಾಮಿಯಾ ಮಿಲಿಯಾದ ಮುಖ್ಯಸ್ಥರಾಗಿದ್ದ, ಮುಂದೆ ರಾಷ್ಟ್ರಪತಿಗಳಾದ ಡಾ. ಜಾಕೀರ್ ಹುಸೇನರ ಸಮಿತಿಯು ಅವುಗಳಿಗೆ ವಿವರವಾದ ಪಠ್ಯಕ್ರಮದ ರೂಪವನ್ನು ಕೊಟ್ಟಿತು. ಆ ಸಮಿತಿ ಸಿದ್ಧಪಡಿಸಿದ ವೇಳಾಪಟ್ಟಿಯನ್ನು ಇಂದಿನ ವಿದ್ಯಾರ್ಥಿ ನೋಡಿದರೆ ಬೆರಗಾಗುತ್ತಾನೆ. ದಿನದ ಐದೂವರೆ ಗಂಟೆಗಳಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕಸುಬಿಗೆ ಮೀಸಲು. ಮಾತೃಭಾಷೆಗೆ ನಲವತ್ತು ನಿಮಿಷ. ಸಂಗೀತ, ಚಿತ್ರಕಲೆ, ಅಂಕಗಣಿತಗಳಿಗೆ ಸೇರಿ ನಲವತ್ತು ನಿಮಿಷ. ಸಮಾಜ ಪಾಠ ಮತ್ತು ಸಾಮಾನ್ಯ ವಿಜ್ಞಾನಗಳಿಗೆ ಅರ್ಧ ಗಂಟೆ. ತಕಲಿಯಲ್ಲಿ ನೂಲು ತೆಗೆಯುವ ಮಗುವು ನೂಲಿನ ಉದ್ದವನ್ನು ಅಳೆಯುತ್ತ ಗಣಿತವನ್ನೂ, ಹತ್ತಿ ಬೆಳೆಯುವ ನೆಲವನ್ನು ತಿಳಿಯುತ್ತ ಭೂಗೋಳವನ್ನೂ, ನೇಕಾರರ ಅವನತಿಯನ್ನು ಕೇಳುತ್ತ ಇತಿಹಾಸವನ್ನೂ ಕಲಿಯಬೇಕೆಂಬುದು ಆಶಯ.

ಕಲ್ಪನೆ ಭವ್ಯವಾಗಿತ್ತು. ಆದರೆ ಅದೇ ಸಮ್ಮೇಳನದಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಕೆ. ಟಿ. ಷಾ ಅವರು, ಮಕ್ಕಳು ತಯಾರಿಸಿದ ವಸ್ತುಗಳನ್ನು ಮಾರಿ ಶಾಲೆಯ ವೆಚ್ಚವನ್ನು ತೂಗಿಸುವ ಯೋಚನೆಯನ್ನು ವಿರೋಧಿಸಿದರು. ಸ್ವಾತಂತ್ರ್ಯಾನಂತರ ಮೂಲಶಿಕ್ಷಣದ ಶಾಲೆಗಳು ಅನೇಕ ರಾಜ್ಯಗಳಲ್ಲಿ ತೆರೆದವು. ಕಸುಬನ್ನೂ ಬಲ್ಲ, ಅದರಿಂದ ಗಣಿತವನ್ನು ಹೊರತೆಗೆಯಲೂ ಬಲ್ಲ ಉಪಾಧ್ಯಾಯರು ಸಾಕಷ್ಟು ಸಿಕ್ಕಲಿಲ್ಲ. ಪಟ್ಟಣದ ಪೋಷಕರು ತಮ್ಮ ಮಕ್ಕಳನ್ನು ಇಂಗ್ಲಿಷ್ ಕಲಿಸುವ ಶಾಲೆಗೆ ಕಳುಹಿಸಿ, ತಕಲಿಯನ್ನು ಹಳ್ಳಿಯ ಮಕ್ಕಳಿಗೆ ಬಿಟ್ಟರು. ನಾಯಕರಾದವರು ಕೂಡ ಇದಕ್ಕೆ ಹೊರತಾಗಿರಲಿಲ್ಲವೆಂದು ಹೇಳಿದರೆ ತಪ್ಪಾಗಲಾರದು. ಒಂದು ದೇಶದ ಮಕ್ಕಳಿಗೆ ಎರಡು ಬಗೆಯ ಶಾಲೆಗಳಿರುವಲ್ಲಿ, ಕೈಕೆಲಸದ ಶಾಲೆಯು ಕೀಳೆಂಬ ಭಾವನೆ ಬೇರೂರುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಶಿಕ್ಷಣವನ್ನು ರಾಜ್ಯಗಳ ಪಟ್ಟಿಯಲ್ಲಿ ಸೇರಿಸಿತು. ಭಾಷೆ, ಬೆಳೆ, ಹವಾಮಾನ, ಚರಿತ್ರೆ ಎಲ್ಲವೂ ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುವ ದೇಶದಲ್ಲಿ ಇದು ವಿವೇಕದ ಏರ್ಪಾಡೇ ಆಗಿತ್ತು. ಆದರೆ ಅದರಿಂದ ಒದಗಿದ ತೊಡಕೂ ಕಡಮೆಯದಲ್ಲ. ಕೆಲವು ರಾಜ್ಯಗಳಲ್ಲಿ ಶಾಲೆಯ ಓದು ಹತ್ತು ವರ್ಷ, ಕೆಲವೆಡೆ ಹನ್ನೊಂದು. ಕರ್ನಾಟಕವೇ ಇದಕ್ಕೆ ಒಳ್ಳೆಯ ನಿದರ್ಶನ. 1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಪ್ರದೇಶಗಳು ಒಟ್ಟುಗೂಡಿದವು. ಒಂದೊಂದರ ತರಗತಿಗಳ ಲೆಕ್ಕ, ಪುಸ್ತಕಗಳು, ಪರೀಕ್ಷೆಗಳು ಬೇರೆ ಬೇರೆ. ತಂದೆಗೆ ಧಾರವಾಡದಿಂದ ಮೈಸೂರಿಗೆ ವರ್ಗವಾದರೆ ಮಗಳನ್ನು ಯಾವ ತರಗತಿಗೆ ಸೇರಿಸಬೇಕೆಂಬುದೇ ಸಮಸ್ಯೆಯಾಗುತ್ತಿತ್ತು. ಒಂದೇ ಭಾಷೆಯ ನಾಡಿನ ಸ್ಥಿತಿ ಇದಾದರೆ, ಇಡೀ ದೇಶದ ಸ್ಥಿತಿಯನ್ನು ಊಹಿಸಬಹುದು.

ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗವು 1953ರಲ್ಲಿ ವರದಿ ಒಪ್ಪಿಸಿ, ಒಂದೇ ಶಾಲೆಯಲ್ಲಿ ವಿಜ್ಞಾನ, ವಾಣಿಜ್ಯ, ಕೃಷಿ, ತಾಂತ್ರಿಕ, ಲಲಿತಕಲೆ ಮುಂತಾದ ಏಳು ಬಗೆಯ ಶಿಕ್ಷಣವನ್ನು ಕೊಡುವ ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿತು. ಹಣವೂ ಉಪಾಧ್ಯಾಯರೂ ಸಾಲದೆ ಆ ಯೋಜನೆ ಕುಂಟುತ್ತ ಸಾಗಿತು. ಇದಕ್ಕಿಂತ ಬಾಳಿಕೆ ಬಂದುದು 1961ರ ಸೆಪ್ಟೆಂಬರ್ 1ರಂದು ಹುಟ್ಟಿದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು. ಎನ್.ಸಿ.ಇ.ಆರ್.ಟಿ. ಎಂಬ ಚಿಕ್ಕ ಹೆಸರಿನಿಂದ ವಿದ್ಯಾರ್ಥಿಗಳಿಗೆಲ್ಲ ಇದು ಪರಿಚಿತ. ಪಠ್ಯಕ್ರಮ, ಪುಸ್ತಕ, ಉಪಾಧ್ಯಾಯರ ತರಬೇತಿ ಈ ಮೂರನ್ನೂ ಶಾಸ್ತ್ರೀಯವಾಗಿ ವಿಚಾರಮಾಡುವ ಒಂದು ಸಂಸ್ಥೆ ದೇಶಕ್ಕೆ ದೊರೆಯಿತು. ಉಪಾಧ್ಯಾಯರನ್ನು ಸಿದ್ಧಪಡಿಸಲು ಅದು ಅಜ್ಮೀರ, ಭೋಪಾಲ, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಕಾಲೇಜುಗಳನ್ನು ತೆರೆಯಿತು. ಮೈಸೂರಿನ ಕಾಲೇಜು 1963ರಲ್ಲಿ ಪ್ರಾರಂಭವಾಗಿ, ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂಬ ಹೆಸರಿನಲ್ಲಿ ನಡೆಯುತ್ತಿದೆ.

ಶಿಕ್ಷಣವನ್ನು ಬಾಲವಾಡಿಯಿಂದ ವಿಶ್ವವಿದ್ಯಾನಿಲಯದವರೆಗೆ ಇಡಿಯಾಗಿ ಪರಿಶೀಲಿಸಿದ ಮೊದಲ ಆಯೋಗವು 1964ರ ಗಾಂಧಿಜಯಂತಿಯಂದು ಕಾರ್ಯಾರಂಭ ಮಾಡಿತು. ಅಧ್ಯಕ್ಷರು ಭೌತವಿಜ್ಞಾನಿ ಡಾ. ದೌಲತ್ ಸಿಂಗ್ ಕೊಠಾರಿ. ಉದಯಪುರದಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ಮೇಘನಾದ ಸಹಾ ಅವರ ಶಿಷ್ಯರಾಗಿ, ಕೇಂಬ್ರಿಜ್ಜಿನಲ್ಲಿ ರುದರ್‌ಫೋರ್ಡರ ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸಿದ ಅವರು ಆಗ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧ್ಯಕ್ಷರಾಗಿದ್ದರು. ಆಯೋಗದ ಸದಸ್ಯ ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕರಿಗೂ ಕನ್ನಡ ನಾಡಿಗೂ ಒಂದು ನಂಟು ಇದೆ. ಕೊಲ್ಹಾಪುರ ಕಡೆಯ ಬಡ ಕುಟುಂಬದಲ್ಲಿ ಜನಿಸಿದ ನಾಯಕರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಯಾಗಿ ಬಳ್ಳಾರಿಯ ಕಾರಾಗೃಹದಲ್ಲಿದ್ದರು. ಅಲ್ಲಿ ಕನ್ನಡ ಕಲಿತರು. ಬಿಡುಗಡೆಯಾದ ಮೇಲೆ ಧಾರವಾಡದ ಬಳಿಯ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ ಗ್ರಾಮಸೇವೆಯಲ್ಲಿ ತೊಡಗಿದರು. ಮಳೆಗಾಲದಲ್ಲಿ ಮಗು ಶಾಲೆಗೆ ಏಕೆ ಬರುವುದಿಲ್ಲ, ಕಟಾವಿನ ಕಾಲದಲ್ಲಿ ತರಗತಿ ಏಕೆ ಬರಿದಾಗುತ್ತದೆ ಎಂಬುದನ್ನು ಹಳ್ಳಿಯ ಬದುಕಿನಲ್ಲಿ ಕಂಡವರು ದೆಹಲಿಯ ವರದಿಯನ್ನು ಬರೆಯುವ ಮೇಜಿನ ಬಳಿ ಕುಳಿತಿದ್ದುದು ಸಣ್ಣ ಸಂಗತಿಯಲ್ಲ.

ಆಯೋಗವು ನೂರು ದಿನಗಳ ಕಾಲ ರಾಜ್ಯಗಳನ್ನು ಸುತ್ತಿತು. ಸುಮಾರು ಒಂಬತ್ತು ಸಾವಿರ ಜನರೊಡನೆ ಮಾತನಾಡಿತು. 1966ರ ಜೂನ್ 29ರಂದು ವರದಿಯನ್ನು ಅಂದಿನ ಶಿಕ್ಷಣ ಮಂತ್ರಿಗಳಾಗಿದ್ದ ಎಂ. ಸಿ. ಛಾಗ್ಲಾ ಅವರಿಗೆ ಒಪ್ಪಿಸಿತು. ದೇಶಕ್ಕೆಲ್ಲ ಹತ್ತು ವರ್ಷಗಳ ಒಂದೇ ಬಗೆಯ ಶಾಲಾ ಶಿಕ್ಷಣ, ಆಮೇಲೆ ಎರಡು ವರ್ಷ, ಅನಂತರ ಮೂರು ವರ್ಷಗಳ ಪದವಿ ಎಂಬ ಏಣಿಯನ್ನು ಅದು ನಿರ್ಮಿಸಿತು. ತ್ರಿಭಾಷಾ ಸೂತ್ರ, ಕಾರ್ಯಾನುಭವ, ರಾಷ್ಟ್ರೀಯ ಆದಾಯದ ಶೇಕಡ 6 ಭಾಗವನ್ನು ಶಿಕ್ಷಣಕ್ಕೆ ವೆಚ್ಚ ಮಾಡಬೇಕೆಂಬ ಗುರಿ, ನೆರೆಹೊರೆಯ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಸಮಾನ ಶಾಲೆ ಇವೆಲ್ಲವೂ ಅದರಲ್ಲಿದ್ದವು. ಈ ಸೂಚನೆಗಳಲ್ಲಿ ಹಲವನ್ನು ಅಂಗೀಕರಿಸಿ 1968ರಲ್ಲಿ ಮೊದಲನೆಯ ರಾಷ್ಟ್ರೀಯ ಶಿಕ್ಷಣ ನೀತಿ ಹೊರಬಿತ್ತು. ಸಮಾನ ಶಾಲೆ ಮಾತ್ರ ಕಾಗದದಲ್ಲಿಯೇ ಉಳಿಯಿತು. ಶೇಕಡ 6ರ ಗುರಿಯನ್ನು ನಂತರದ ನೀತಿಗಳೆಲ್ಲ ಮತ್ತೆ ಮತ್ತೆ ಬರೆದುಕೊಂಡವು.

ಆಯೋಗದ ಇನ್ನೊಂದು ಸೂಚನೆಯ ಬಗೆಗೆ ಅಷ್ಟು ಗದ್ದಲವಾಗಲಿಲ್ಲವಾದರೂ ಅದರ ಪರಿಣಾಮ ಬಹು ದೂರ ಹೋಯಿತು. ಹತ್ತನೆಯ ತರಗತಿಯವರೆಗೆ ಗಣಿತ ಮತ್ತು ವಿಜ್ಞಾನಗಳು ಎಲ್ಲರಿಗೂ ಕಡ್ಡಾಯವಾಗಬೇಕೆಂದು ಅದು ಹೇಳಿತ್ತು. ಅದುವರೆಗೆ ಅನೇಕ ರಾಜ್ಯಗಳಲ್ಲಿ ಪ್ರೌಢಶಾಲೆಯ ಹೊಸ್ತಿಲಿನಲ್ಲಿಯೇ ಮಕ್ಕಳನ್ನು ಬೇರೆ ಬೇರೆ ದಾರಿಗಳಿಗೆ ಕಳುಹಿಸುವ ರೂಢಿಯಿತ್ತು. ಹುಡುಗರು ಗಣಿತ, ವಿಜ್ಞಾನಗಳನ್ನು ಆರಿಸಿಕೊಂಡರೆ, ಹುಡುಗಿಯರಿಗೆ ಗೃಹವಿಜ್ಞಾನ ಸಾಕೆಂಬುದು ಹಿರಿಯರ ಎಣಿಕೆ. ಅಡುಗೆ, ಹೊಲಿಗೆ, ಶಿಶುಪಾಲನೆಗಳು ಕಲಿಯತಕ್ಕ ವಿದ್ಯೆಗಳೇ. ಆದರೆ ಹದಿಮೂರು ವರ್ಷದ ಹುಡುಗಿ ಗಣಿತವನ್ನು ಬಿಟ್ಟರೆ, ವೈದ್ಯೆಯೋ ಎಂಜಿನಿಯರೋ ಆಗುವ ಬಾಗಿಲು ಅಂದೇ ಮುಚ್ಚಿಹೋಗುತ್ತಿತ್ತು. ಬಾಗಿಲೊಂದು ಅಲ್ಲಿ ಇತ್ತೆಂಬುದು ಕೂಡ ಅವಳಿಗೆ ತಿಳಿಯುತ್ತಿರಲಿಲ್ಲ. 1962ರಲ್ಲಿ ನೇಮಕವಾದ ಹಂಸಾ ಮೆಹ್ತಾ ಸಮಿತಿಯು ಇದನ್ನೇ ಪರಿಶೀಲಿಸಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಠ್ಯಕ್ರಮ ಬೇಡವೆಂದು ಹೇಳಿತ್ತು. ಕೊಠಾರಿ ಆಯೋಗ ಅದನ್ನು ಎತ್ತಿ ಹಿಡಿಯಿತು.

1975ರಲ್ಲಿ ಎನ್.ಸಿ.ಇ.ಆರ್.ಟಿ.ಯು ಹತ್ತು ವರ್ಷಗಳ ಶಾಲೆಗಾಗಿ ಮೊದಲನೆಯ ಪಠ್ಯಕ್ರಮ ಚೌಕಟ್ಟನ್ನು ಪ್ರಕಟಿಸಿದಾಗ ಈ ತತ್ತ್ವವು ಅದರ ಬೆನ್ನೆಲುಬಾಯಿತು. ಹತ್ತನೆಯ ತರಗತಿಯವರೆಗೆ ಕಲಾ ವಿಭಾಗ, ವಿಜ್ಞಾನ ವಿಭಾಗವೆಂಬ ಭೇದವಿಲ್ಲ. ಹುಡುಗ, ಹುಡುಗಿ ಎಂಬ ಭೇದವೂ ಇಲ್ಲ. ಎಲ್ಲರಿಗೂ ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಕಾರ್ಯಾನುಭವ, ಕಲೆ, ದೈಹಿಕ ಶಿಕ್ಷಣ. ಇಂದು ಸಣ್ಣ ಊರೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಹುಡುಗಿಯೊಬ್ಬಳು ವರ್ಗಸಮೀಕರಣವನ್ನು ಬಿಡಿಸುತ್ತಿದ್ದರೆ ಅದು ತೀರ ಸಹಜವೆಂದು ತೋರುತ್ತದೆ. ಅವಳ ಅಜ್ಜಿಯ ತಲೆಮಾರಿನಲ್ಲಿ ಅದು ಸಹಜವಾಗಿರಲಿಲ್ಲ. ರಾಷ್ಟ್ರೀಯ ಪಠ್ಯಕ್ರಮವೆಂಬ ಕಲ್ಪನೆಯಿಂದ ದೇಶಕ್ಕಾದ ಲಾಭಗಳನ್ನು ಎಣಿಸುವಾಗ ಇದನ್ನು ಮೊದಲನೆಯ ಸ್ಥಾನದಲ್ಲಿ ಇಡಬೇಕು.

ಮರುವರ್ಷವೇ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾಗಿ ಶಿಕ್ಷಣವು ರಾಜ್ಯಗಳ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಬಂದಿತು. ಕೇಂದ್ರ, ರಾಜ್ಯ ಎರಡಕ್ಕೂ ಅದರಲ್ಲಿ ಅಧಿಕಾರ ದೊರೆಯಿತು. ಹೀಗಿದ್ದರೂ ರಾಷ್ಟ್ರೀಯ ಚೌಕಟ್ಟು ರಾಜ್ಯಗಳಿಗೆ ಒಂದು ಆದರ್ಶವಾಗಿ ಉಳಿಯಿತೇ ವಿನಾ ಕಟ್ಟಾಜ್ಞೆಯಾಗಲಿಲ್ಲ. ರಾಜ್ಯಗಳು ಅದನ್ನು ತಮ್ಮ ಭಾಷೆಗೆ, ನೆಲಕ್ಕೆ, ಚರಿತ್ರೆಗೆ ಒಗ್ಗಿಸಿಕೊಂಡವು.

ಹೊಸ ಚೌಕಟ್ಟಿಗೆ ಎರಡೇ ವರ್ಷಗಳಲ್ಲಿ ಆಕ್ಷೇಪಣೆ ಬಂದಿತು. ಪಾಠಗಳು ಹೆಚ್ಚು, ಹೊತ್ತು ಕಡಮೆ ಎಂಬ ದೂರು ದೇಶದೆಲ್ಲೆಡೆ ಎದ್ದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಪಠ್ಯಕ್ರಮವನ್ನು ಪುನಃ ಪರಿಶೀಲಿಸಿ, ಗಾಂಧೀಜಿಯವರ ಕೈಕಸುಬಿನ ವಿಚಾರವನ್ನು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಹೊಸ ಹೆಸರಿನಲ್ಲಿ ಮರಳಿ ತಂದಿತು. ಬಹಳ ಶಾಲೆಗಳಲ್ಲಿ ಅದು ವಾರಕ್ಕೊಮ್ಮೆ ಅಂಗಳ ಗುಡಿಸುವುದಕ್ಕೆ ಮುಗಿದುಹೋಯಿತೆಂಬುದು ಬೇರೆ ಮಾತು.

ಇದೇ ಕಾಲದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದು ಜಿಲ್ಲೆಯಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. 1972ರಲ್ಲಿ ಅಲ್ಲಿಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಎರಡು ಸ್ವಯಂಸೇವಾ ಸಂಸ್ಥೆಗಳ ಪ್ರಯತ್ನದಿಂದ, ವಿಜ್ಞಾನವನ್ನು ಪ್ರಯೋಗದ ಮೂಲಕವೇ ಕಲಿಸುವ ಕಾರ್ಯಕ್ರಮವೊಂದು ಪ್ರಾರಂಭವಾಯಿತು. ಮಕ್ಕಳು ಎಲೆಗಳನ್ನು ತಂದು ವಿಂಗಡಿಸಿದರು, ಹೊಲಗಳಿಗೆ ಹೋಗಿ ಹುಳುಗಳನ್ನು ಗಮನಿಸಿದರು, ಕಂಡದ್ದನ್ನು ತಮ್ಮ ಮಾತಿನಲ್ಲಿಯೇ ಬರೆದರು. ಪರೀಕ್ಷೆಗೆ ಪುಸ್ತಕವನ್ನು ತೆಗೆದುಕೊಂಡು ಹೋಗಲು ಅಪ್ಪಣೆಯಿತ್ತು. ಉರು ಹೊಡೆದ ಉತ್ತರಕ್ಕೆ ಅಲ್ಲಿ ಬೆಲೆಯಿರಲಿಲ್ಲವಾದ್ದರಿಂದ ಪುಸ್ತಕವಿದ್ದರೂ ಅದನ್ನು ನೋಡಿ ನಕಲು ಮಾಡುವಂತಿರಲಿಲ್ಲ. ದೊಡ್ಡ ವಿಜ್ಞಾನಿಗಳು ಆ ಹಳ್ಳಿಗಳಿಗೆ ಬಂದು ಉಪಾಧ್ಯಾಯರೊಡನೆ ಕುಳಿತು ಪಾಠಗಳನ್ನು ಬರೆದರು. ಮೂರು ದಶಕಗಳ ಕಾಲ ನಡೆದು, ನೂರಾರು ಶಾಲೆಗಳಿಗೆ ಹಬ್ಬಿದ ಈ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಆದರೆ ಅದು ಎತ್ತಿದ ಪ್ರಶ್ನೆಯನ್ನು ಮುಂದಿನ ಚೌಕಟ್ಟುಗಳು ಕಡೆಗಣಿಸಲಾಗಲಿಲ್ಲ. ಹೆಚ್ಚು ಪಾಠಗಳನ್ನು ಓದಿ ಮುಗಿಸುವುದು ಮೇಲೋ, ಕೆಲವನ್ನೇ ತಿಳಿದು ಕಲಿಯುವುದು ಮೇಲೋ?

1986ರ ರಾಷ್ಟ್ರೀಯ ಶಿಕ್ಷಣ ನೀತಿಯು ದೇಶದ ಎಲ್ಲ ಮಕ್ಕಳಿಗೂ ಸಾಮಾನ್ಯವಾಗಿರಬೇಕಾದ ಒಂದು ತಿರುಳನ್ನು ಗೊತ್ತುಮಾಡಿತು. ಸ್ವಾತಂತ್ರ್ಯ ಚಳವಳಿಯ ಇತಿಹಾಸ, ಸಂವಿಧಾನದ ಕರ್ತವ್ಯಗಳು, ಸಾಂಸ್ಕೃತಿಕ ಪರಂಪರೆ, ಸಮಾನತೆ ಹಾಗೂ ಪ್ರಜಾಪ್ರಭುತ್ವ, ಸ್ತ್ರೀಪುರುಷ ಸಮತೆ, ಪರಿಸರ ರಕ್ಷಣೆ, ವೈಜ್ಞಾನಿಕ ಮನೋಭಾವ ಮೊದಲಾದ ಹತ್ತು ಅಂಶಗಳು ಅದರಲ್ಲಿ ಸೇರಿದ್ದವು. 1988ರಲ್ಲಿ ಬಂದ ಎರಡನೆಯ ಚೌಕಟ್ಟು ಇದರ ಮೇಲೆ ನಿಂತಿತು. ಪ್ರತಿಯೊಂದು ಅಂಶವೂ ಅಮೂಲ್ಯವೇ. ಯಾವುದನ್ನು ಬೇಡವೆನ್ನಲು ಸಾಧ್ಯ? 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. ರಸ್ತೆ ಸುರಕ್ಷತೆ, ಆರೋಗ್ಯ, ಗ್ರಾಹಕರ ಹಕ್ಕು, ಜನಸಂಖ್ಯೆ ಹೀಗೆ ಸಮಾಜದಲ್ಲಿ ಸಮಸ್ಯೆಯೊಂದು ತಲೆದೋರಿದಾಗಲೆಲ್ಲ ಅದನ್ನು ಪಾಠವಾಗಿಸಬೇಕೆಂಬ ಬೇಡಿಕೆ ಹುಟ್ಟುತ್ತದೆ. ಸೇರಿಸಬೇಕೆನ್ನುವವರು ನೂರು ಮಂದಿ. ಇದನ್ನು ಬಿಡೋಣವೆನ್ನುವವರು ಸಿಕ್ಕುವುದಿಲ್ಲ. ಯಾವ ಪಾಠವನ್ನು ಬಿಡಹೊರಟರೂ ಅದರ ಪರವಾಗಿ ನಿಲ್ಲುವ ವಿದ್ವಾಂಸರೋ, ಪ್ರಾಂತವೋ, ಸಮುದಾಯವೋ ಇರುತ್ತದೆ. ಇದಕ್ಕೆಲ್ಲ ಜಾಗ ಮಾಡಿಕೊಡಬೇಕಾದುದು ಮಗುವಿನ ದಿನ; ಅದಾದರೋ ಇಪ್ಪತ್ತನಾಲ್ಕೇ ಗಂಟೆಯದು.

ಈ ಮಾತನ್ನು ಸಂಸತ್ತಿನಲ್ಲಿ ಎತ್ತಿದವರು ಶಿಕ್ಷಣತಜ್ಞರಲ್ಲ, ಕಾದಂಬರಿಕಾರರು. ಮಾಲ್ಗುಡಿಯ ಹುಡುಗರನ್ನು ಲೋಕಕ್ಕೆ ಪರಿಚಯಿಸಿದ ಮೈಸೂರಿನ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಗೆ ನಾಮಕರಣಗೊಂಡಿದ್ದರು. 1989ರಲ್ಲಿ ಅವರು ಸಭೆಯಲ್ಲಿ ಎದ್ದು ನಿಂತು, ಶಾಲೆಯ ಮಕ್ಕಳ ಬೆನ್ನಿನ ಮೇಲಿನ ಚೀಲದ ವಿಷಯವನ್ನು ಪ್ರಸ್ತಾಪಿಸಿದರು. ಬೆಳಗ್ಗೆ ಅವಸರದಿಂದ ಎಬ್ಬಿಸಿ ಕಳುಹಿಸಿದ ಮಗು ಹೊರೆ ಹೊತ್ತು ಬಾಗಿ ನಡೆಯುವುದನ್ನೂ, ಸಂಜೆ ಮನೆಗೆ ಬಂದ ಮೇಲೂ ಮನೆಪಾಠದಲ್ಲಿ ಮುಳುಗಿ ಆಟವಿಲ್ಲದೆ ಕನಸಿಲ್ಲದೆ ಬೆಳೆಯುವುದನ್ನೂ ವರ್ಣಿಸಿದರು. ದೊಡ್ಡ ದೊಡ್ಡ ರಾಜಕೀಯ ಚರ್ಚೆಗಳ ನಡುವೆ ಈ ಭಾಷಣವು ಅನೇಕರ ಮನಸ್ಸನ್ನು ತಟ್ಟಿತು. ಇಂಥ ಸಂಗತಿಯನ್ನು ಹೇಳಲು, ಮಕ್ಕಳ ಮನಸ್ಸನ್ನು ಹತ್ತಿರದಿಂದ ಬಲ್ಲ ಕಥೆಗಾರನೇ ಬೇಕಾಯಿತೇನೋ.

ಕೇಂದ್ರ ಸರ್ಕಾರವು 1992ರಲ್ಲಿ ವಿಜ್ಞಾನಿ ಪ್ರೊ. ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ಮಾಡಿದ, ದೂರದರ್ಶನದಲ್ಲಿ ಮಕ್ಕಳ ಪ್ರಶ್ನೆಗಳಿಗೆ ನಗುನಗುತ್ತ ಉತ್ತರಿಸುತ್ತಿದ್ದ ಈ ಹಿರಿಯರು ಮರುವರ್ಷ ಒಪ್ಪಿಸಿದ ವರದಿ ಗಾತ್ರದಲ್ಲಿ ಚಿಕ್ಕದು. ಚೀಲದ ತೂಕವು ಹೊರಗೆ ಕಾಣುವ ಹೊರೆ. ಅದಕ್ಕಿಂತ ಭಾರವಾದುದು ಅರ್ಥವಾಗದಿರುವಿಕೆಯ ಹೊರೆ ಎಂದು ಆ ವರದಿ ಕಂಡುಕೊಂಡಿತು. ಮಗುವು ಪುಸ್ತಕದ ವಾಕ್ಯವನ್ನು ಓದುತ್ತದೆ, ಬರೆದುಕೊಳ್ಳುತ್ತದೆ, ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತದೆ; ಆದರೆ ಅದು ತನ್ನ ಮನೆ, ಹೊಲ, ಬೀದಿಗಳಿಗೆ ಸಂಬಂಧಿಸಿದ್ದೆಂದು ಅದಕ್ಕೆ ಒಮ್ಮೆಯೂ ಹೊಳೆಯುವುದಿಲ್ಲ. ಅರ್ಥವಾಗದ ಮಗು ತಾನೇ ದಡ್ಡನೆಂದು ತಿಳಿಯುತ್ತದೆ. ಎಷ್ಟೋ ಮಕ್ಕಳು ಶಾಲೆಯನ್ನು ನಡುವೆಯೇ ಬಿಡುವುದಕ್ಕೆ ಬಡತನದ ಜೊತೆಗೆ ಈ ಅವಮಾನವೂ ಕಾರಣವೆಂಬುದು ಉಪಾಧ್ಯಾಯರಾದವರೆಲ್ಲ ಬಲ್ಲ ಸತ್ಯ. ಪುಸ್ತಕಗಳನ್ನು ರಾಜಧಾನಿಯ ತಜ್ಞರು ಮಾತ್ರ ಬರೆಯದೆ ತರಗತಿಯಲ್ಲಿ ಪಾಠ ಹೇಳುವವರೂ ಬರೆಯಬೇಕು, ಚಿಕ್ಕ ಮಕ್ಕಳಿಗೆ ಮನೆಪಾಠ ಬೇಡ, ಶಿಶುವಿಹಾರದ ಪ್ರವೇಶಕ್ಕೆ ಪರೀಕ್ಷೆ ಕೂಡದು ಎಂದು ಸಮಿತಿ ಸೂಚಿಸಿತು.

2000ದಲ್ಲಿ ಮೂರನೆಯ ಚೌಕಟ್ಟು ಬಂದಿತು. ಅದರಲ್ಲಿನ ಮೌಲ್ಯಶಿಕ್ಷಣದ ಭಾಗವನ್ನೂ, ಅದನ್ನು ರೂಪಿಸಿದ ವಿಧಾನವನ್ನೂ ಕುರಿತು ವಾದವೆದ್ದು ವಿಷಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2002ರಲ್ಲಿ ನ್ಯಾಯಾಲಯವು ಚೌಕಟ್ಟನ್ನು ಎತ್ತಿಹಿಡಿಯಿತು. 2004ರಲ್ಲಿ ಕೇಂದ್ರದ ಸರ್ಕಾರ ಬದಲಾಯಿತು. ಚೌಕಟ್ಟೂ ಮರುಪರಿಶೀಲನೆಗೆ ಬಂದಿತು. ಮಕ್ಕಳ ಪುಸ್ತಕಗಳು ಚುನಾವಣೆಯ ಫಲಿತಾಂಶಕ್ಕೆ ಕಾಯುವಂತಾಗುವುದು ಯಾವ ಪಕ್ಷದ ಕಾಲದಲ್ಲಿಯೇ ಆದರೂ ಒಳ್ಳೆಯ ಲಕ್ಷಣವಲ್ಲ.

ಹನ್ನೆರಡು ವರ್ಷಗಳ ಹಿಂದೆ ಹೊರೆಯ ವರದಿಯನ್ನು ಬರೆದ ಯಶಪಾಲರೇ 2005ರ ಚೌಕಟ್ಟಿನ ಸಮಿತಿಗೆ ಅಧ್ಯಕ್ಷರಾದರು. ಮೂವತ್ತೈದು ಸದಸ್ಯರ ಆ ಸಮಿತಿಗೆ ನೆರವಾಗಿ ಇಪ್ಪತ್ತೊಂದು ತಂಡಗಳು ಭಾಷೆ, ಗಣಿತ, ಕಲೆ, ಪರೀಕ್ಷೆ ಮುಂತಾದ ಒಂದೊಂದು ವಿಷಯವನ್ನು ಅಭ್ಯಸಿಸಿದವು. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದು, ಕಂಠಪಾಠದಿಂದ ಕಲಿಕೆಯನ್ನು ಬಿಡಿಸುವುದು, ಪಠ್ಯಪುಸ್ತಕದ ಆಚೆಗೂ ಶಿಕ್ಷಣವನ್ನು ವಿಸ್ತರಿಸುವುದು, ಪರೀಕ್ಷೆಯ ಬಿಗಿಯನ್ನು ಸಡಿಲಿಸುವುದು, ಪ್ರಜಾಪ್ರಭುತ್ವದಲ್ಲಿ ಬೇರೂರಿದ ವ್ಯಕ್ತಿತ್ವವನ್ನು ಬೆಳೆಸುವುದು ಅದರ ಮಾರ್ಗದರ್ಶಕ ಸೂತ್ರಗಳು. ಮಗುವು ತುಂಬಬೇಕಾದ ಖಾಲಿ ಪಾತ್ರೆಯೆಂಬ ಭಾವನೆಯನ್ನು ಅದು ಬಿಟ್ಟುಕೊಟ್ಟಿತು. ಮಗು ತಾನು ಕಂಡದ್ದನ್ನೂ ಕೇಳಿದ್ದನ್ನೂ ಆಧಾರವಾಗಿಟ್ಟುಕೊಂಡು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ; ಉಪಾಧ್ಯಾಯನು ಅದಕ್ಕೆ ಆಸರೆಯಾಗುತ್ತಾನೆ. ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಿಗೂ ಅನುವಾದಿಸಿ ಚರ್ಚೆಗೆ ಬಿಟ್ಟುದು ಹೊಸ ಸಂಪ್ರದಾಯ. ಕರ್ನಾಟಕದಲ್ಲಿ ಪಠ್ಯಪುಸ್ತಕ ಸಂಘವು 2010ರಿಂದ ಈ ಚೌಕಟ್ಟನ್ನು ಆಧರಿಸಿ ಪುಸ್ತಕಗಳನ್ನು ಹೊರತಂದಿತು. ಮಕ್ಕಳು ಸಾಮಾನ್ಯವಾಗಿ ಓದದೆ ಬಿಡುವ ಅವುಗಳ ಮೊದಲ ಪುಟಗಳಲ್ಲಿ ಈ ಸೂತ್ರಗಳನ್ನು ಮುದ್ರಿಸಲಾಗಿತ್ತು.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿದ 2009ರ ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸುವ ಹೊಣೆಯನ್ನು ಅದು ಕೇಂದ್ರ ಸರ್ಕಾರಕ್ಕೆ ಸ್ಪಷ್ಟವಾಗಿ ವಹಿಸಿತು. ತರುವಾಯ 2020ರ ಜುಲೈ 29ರಂದು ಹೊಸ ಶಿಕ್ಷಣ ನೀತಿ ಅಂಗೀಕಾರವಾಗಿ, ಕೊಠಾರಿಯವರ ಏಣಿಯ ಮೆಟ್ಟಿಲುಗಳನ್ನು ಐದು, ಮೂರು, ಮೂರು, ನಾಲ್ಕು ವರ್ಷಗಳೆಂದು ಬದಲಾಯಿಸಿತು. ಮೂರರಿಂದ ಆರು ವರ್ಷದ ಮಕ್ಕಳ ಆಟಪಾಠಗಳು ಮೊದಲ ಬಾರಿಗೆ ಶಾಲೆಯ ವ್ಯವಸ್ಥೆಯೊಳಗೆ ಬಂದವು. ಇದರ ಪಠ್ಯಕ್ರಮವನ್ನು ರೂಪಿಸಿದ ಸಮಿತಿಯ ಅಧ್ಯಕ್ಷತೆಯನ್ನು ಬಾಹ್ಯಾಕಾಶ ವಿಜ್ಞಾನಿ ಡಾ. ಕೆ. ಕಸ್ತೂರಿರಂಗನ್ ವಹಿಸಿದ್ದರು. ಕೊಠಾರಿ, ಯಶಪಾಲ್, ಕಸ್ತೂರಿರಂಗನ್ ಮೂವರೂ ಭೌತವಿಜ್ಞಾನ ಓದಿದವರೆಂಬುದು ಗಮನಿಸತಕ್ಕ ಸಂಗತಿ. ಒಬ್ಬ ಕವಿಗೋ ರೈತನಿಗೋ ಆ ಪೀಠ ಇನ್ನೂ ದೊರೆತಿಲ್ಲ. ಚಿಕ್ಕ ಮಕ್ಕಳ ಚೌಕಟ್ಟು 2022ರ ಅಕ್ಟೋಬರಿನಲ್ಲಿ, ಇಡೀ ಶಾಲಾ ಶಿಕ್ಷಣದ ಚೌಕಟ್ಟು 2023ರ ಆಗಸ್ಟಿನಲ್ಲಿ ಪ್ರಕಟವಾದವು.

ಈ ಹೊಸ ಚೌಕಟ್ಟು ಪಾಠಗಳ ಹೊರೆಯನ್ನು ಇಳಿಸಬೇಕೆಂದು ಹೇಳುತ್ತದೆ. ಅದೇ ಚೌಕಟ್ಟು ಒಂಬತ್ತು ಹಾಗೂ ಹತ್ತನೆಯ ತರಗತಿಗಳಿಗೆ ಮೂರು ಭಾಷೆಗಳು ಮತ್ತು ಬೇರೆ ಏಳು ವಿಷಯಗಳು, ಒಟ್ಟು ಹತ್ತನ್ನು ಗೊತ್ತುಮಾಡುತ್ತದೆ. ವೃತ್ತಿಶಿಕ್ಷಣವೂ ಕಲೆಯೂ ಇಲ್ಲಿ ಐಚ್ಛಿಕವಲ್ಲ, ಉಳಿದ ವಿಷಯಗಳಿಗೆ ಸಮಾನ. ವಾರ್ಧಾದ ತಕಲಿ ಹೀಗೆ ಎಂಬತ್ತಾರು ವ���್ಷಗಳ ಮೇಲೆ ಇನ್ನೊಂದು ವೇಷದಲ್ಲಿ ತರಗತಿಗೆ ಮರಳಿದೆ. ಅದನ್ನು ಕಲಿಸಲು ಬಡಗಿ, ಕುಂಬಾರ, ತೋಟಗಾರರಂಥ ಊರಿನ ಕುಶಲಿಗಳನ್ನು ಶಾಲೆಗೆ ಕರೆತರಬಹುದೆಂಬ ಸೂಚನೆಯೂ ಇದೆ. ಅಂದು ಸಿಕ್ಕದ ಉಪಾಧ್ಯಾಯರು ಇಂದು ಈ ದಾರಿಯಿಂದ ಸಿಕ್ಕಾರೆಂಬ ನಿರೀಕ್ಷೆ ಅದರಲ್ಲಿ ಅಡಗಿದೆ.

ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಲ್ಲ. ಕರ್ನಾಟಕ ಸರ್ಕಾರವು ತನ್ನದೇ ಆದ ಶಿಕ್ಷಣ ನೀತಿಯನ್ನು ರೂಪಿಸಲು 2023ರಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಆ ಆಯೋಗ 2025ರ ಆಗಸ್ಟಿನಲ್ಲಿ ವರದಿಯನ್ನು ಒಪ್ಪಿಸಿತು. ಎರಡು ಭಾಷೆ ಸಾಕೇ, ಮೂರು ಬೇಕೇ, ಕೇಂದ್ರದ ಚೌಕಟ್ಟಿನಲ್ಲಿ ರಾಜ್ಯವು ಎಷ್ಟನ್ನು ತೆಗೆದುಕೊಳ್ಳಬೇಕು ಎಂಬ ಚರ್ಚೆಗಳು ಈಗಲೂ ನಡೆದಿವೆ. ಆರ್. ಕೆ. ನಾರಾಯಣ್ ಅವರ ಊರಿರುವ ಈ ರಾಜ್ಯದಲ್ಲಿಯೇ 2019ರಲ್ಲಿ ಸರ್ಕಾರಿ ಆದೇಶವೊಂದು ಹೊರಟು, ಶಾಲಾ ಚೀಲದ ತೂಕಕ್ಕೆ ಮಿತಿಯನ್ನು ನಿಗದಿಮಾಡಿತು. ಒಂದನೆಯ ತರಗತಿಯ ಮಗುವಿಗೆ ಹೆಚ್ಚೆಂದರೆ ಎರಡು ಕಿಲೋಗ್ರಾಂ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಐದು.